ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಯಾರು?

ಕಳೆದ ಸಂಚಿಕೆ ಓದುಗರ ಕೈ ಸೇರಿದ ವಾರದಲ್ಲಿಯೇ ನಮ್ಮ ಪತ್ರಿಕೆಯ ಹಿರಿಯ ಚಂದಾದಾರರೊಬ್ಬರಿಂದ ನಮಗೊಂದು ಪತ್ರ ಬಂದಿತು. ಅವರ ತಾಯಿಯವರಿಗೆ ಈಗ 81 ವರ್ಷ. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ನೌಕರಿಯಲ್ಲಿದ್ದಾರೆ. ಪತ್ರ ಬರೆದವರಿಗೂ ಅವರ ಧರ್ಮಪತ್ನಿಯವರಿಗೂ ಶರೀರ ಸ್ವಸ್ಥವಿಲ್ಲ. ತಾಯಿಯವರನ್ನು ಆರೈಕೆಯುಳ್ಳ ಆಶ್ರಮವೊಂದರಲ್ಲಿ ಇರಿಸದೆ ಗತ್ಯಂತರವಿಲ್ಲವೆಂದು ತೀರ್ಮಾನಿಸಿ ಮೂರು ಕಡೆ ನೋಡಿ ಬಂದಿದ್ದಾರೆ. “ಮೂರೂ ಸ್ವಚ್ಛವಾಗಿವೆ. ಪೂಜೆಗೆ ಅನುಕೂಲವಿದೆ, ಊಟ ಚೆನ್ನಾಗಿದೆ, ಅಂಗಳದಲ್ಲಿ ಹೂಗಿಡಗಳಿವೆ. ಆದರೂ ಯಾವುದನ್ನು ಆರಿಸಬೇಕೆಂದು ತಿಳಿಯದಾಗಿದೆ. ಏನನ್ನು ನೋಡಬೇಕೆಂಬುದನ್ನು ತಾವು ತಿಳಿಸಬೇಕು” ಎಂಬುದು ಅವರ ಪ್ರಾರ್ಥನೆ.

ವೃದ್ಧ ಮಾತಾಪಿತೃಗಳನ್ನು ಆಶ್ರಮಕ್ಕೆ ಕಳುಹಿಸುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. 2011ರ ಜನಗಣತಿಯ ಕಾಲಕ್ಕೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು. ಮನೆಗಳು ಚಿಕ್ಕವಾಗಿವೆ, ಸೊಸೆಯಂದಿರೂ ದುಡಿಯಲು ಹೋಗುತ್ತಾರೆ. ಇಂದು ವೃದ್ಧಾಶ್ರಮವೆಂದೂ, ಪಟ್ಟಣಗಳಲ್ಲಿ ಅಸಿಸ್ಟೆಡ್ ಲಿವಿಂಗ್ ಹೋಮ್ ಎಂದೂ ಕರೆಯಲ್ಪಡುವ ಇಂಥ ಮನೆಗಳಲ್ಲಿ ಸ್ನಾನ, ಶೌಚ, ಔಷಧಿಗಳಿಗೆ ಇನ್ನೊಬ್ಬರ ಕೈಯನ್ನು ಆಶ್ರಯಿಸಿರುವ ಹಿರಿಯರು ಅನೇಕರಿದ್ದಾರೆ. ಅವರು ಅಲ್ಲಿ ಸುರಕ್ಷಿತರಾಗಿರಬೇಕು. ಇಲ್ಲಿ ನಮ್ಮ ವಿಷಯ ಅಷ್ಟೇ.

ಪತ್ರಕ್ಕೆ ಉತ್ತರಿಸುವ ಮುನ್ನ ನಮ್ಮ ತಪ್ಪೊಂದನ್ನು ವಾಚಕರ ಮುಂದಿಡಬೇಕಾಗಿದೆ. ನಾವು ಕೆಲವು ವರ್ಷಗಳ ಕಾಲ ಇಂಥದೊಂದು ಆಶ್ರಮದ ಕಾರ್ಯಕಾರಿ ಸಮಿತಿಯಲ್ಲಿದ್ದೆವು. ಅದರ ಹೆಸರು ಇಲ್ಲಿ ಅಪ್ರಸ್ತುತ. ಮೂವತ್ತೊಂದು ಮಂದಿ ಹಿರಿಯರಿದ್ದ ಹಳೆಯ ಕಟ್ಟಡ. ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು. ನೋಟಕ್ಕೆ ಕಪ್ಪು, ಸ್ಪರ್ಶಕ್ಕೆ ಒರಟು. ದಾನಿಗಳೊಬ್ಬರು ತಮ್ಮ ತಂದೆತಾಯಿಗಳ ಸ್ಮರಣಾರ್ಥವಾಗಿ ಇಡೀ ಕಟ್ಟಡಕ್ಕೆ, ಬಚ್ಚಲುಮನೆಗಳೂ ಸೇರಿದಂತೆ, ಪಾಲಿಶ್ ಮಾಡಿದ ಗ್ರಾನೈಟ್ ಹಾಕಿಸಿಕೊಡುವುದಾಗಿ ಮುಂದೆ ಬಂದರು. ಸಮಿತಿ ಕೃತಜ್ಞತೆಯಿಂದ ಒಪ್ಪಿತು. ಉದ್ಘಾಟನೆಯ ದಿನ ವೇದಿಕೆಯಿಂದ ಮಾತನಾಡಿದವರಲ್ಲಿ ನಾವೂ ಒಬ್ಬರು. ಮುಖ ಕಾಣುವಷ್ಟು ಹೊಳೆಯುವ ನೆಲವೆಂದು ಆ ದಿನ ನಾವು ಹೊಗಳಿದ್ದು ಇಂದಿಗೂ ನೆನಪಿದೆ.

ಮೂರು ತಿಂಗಳಿನ ಬಳಿಕ ಒಂದು ರಾತ್ರಿ, 78 ವರ್ಷದ ತಾಯಿಯೊಬ್ಬರು ಶೌಚಕ್ಕೆಂದು ಎದ್ದು ಹೋದವರು ಬಚ್ಚಲುಮನೆಯ ಬಾಗಿಲಲ್ಲಿ ಜಾರಿ ಬಿದ್ದರು. ಎರಡು ಗಂಟೆಯ ಸುಮಾರಿಗೆ ಬಿದ್ದಿರಬೇಕು. ಐದು ಗಂಟೆಗೆ ಸ್ನಾನಕ್ಕೆ ಎದ್ದ ಇನ್ನೊಬ್ಬ ತಾಯಿ ನೋಡುವವರೆಗೆ ಆ ತಣ್ಣನೆಯ ಕಲ್ಲಿನ ಮೇಲೆಯೇ ಬಿದ್ದಿದ್ದರು. ಸೊಂಟದ ಕೀಲಿನ ಬಳಿ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಅವರನ್ನು ಕಾಣಲು ಹೋದಾಗ ನಾವು, “ಅವ್ವಾ, ಒಂದು ಕೂಗು ಹಾಕಬಾರದಿತ್ತೇ? ಏಳುವ ಮೊದಲು ಆ ಹುಡುಗಿಯನ್ನು ಎಬ್ಬಿಸಬಾರದಿತ್ತೇ?” ಎಂದು ಕೇಳಿದೆವು. ಅವರು ಹೇಳಿದ್ದು ಇಷ್ಟು: “ಹೆಂಗ ಎಬ್ಬಸಲಿ ಶಾಸ್ತ್ರಿಗಳ? ಮುಂಜಾನಿಂದ ಸಂಜೀ ತನಕ ಮೂವತ್ತು ಮಂದೀದು ಮಾಡಿ ಮಲಗಿತ್ತು ಕೂಸು. ಬಿದ್ದ ಮ್ಯಾಲ ಕೂಗಿದೆ, ಕೇಳಲಿಲ್ಲ ಅದಕ್ಕ.”

ಆ ಹುಡುಗಿಯ ಮೇಲೆ ಸಿಟ್ಟಾಗಲು ನಮಗೆ ಕಾರಣವಿರಲಿಲ್ಲ. ಹಗಲೆಲ್ಲ ದುಡಿದವಳನ್ನೇ ರಾತ್ರಿಯ ಪಾಳಿಗೂ ಹಾಕಿದ್ದವರು ನಾವು. ಅವಳು ಮಲಗುತ್ತಿದ್ದ ಕೋಣೆಯೋ ಅಂಗಳದ ಆಚೆ ಬದಿಗೆ. ಕಟ್ಟಡದಲ್ಲಿ ಕರೆಗಂಟೆ ಒಂದೇ ಒಂದು. ಅದೂ ಅತಿಥಿಗಳಿಗಾಗಿ ಮುಂಬಾಗಿಲಲ್ಲಿ.

ಮುಂದಿನ ಸಭೆಯಲ್ಲಿ ನಡೆದುದನ್ನೂ ಹೇಳಲೇಬೇಕು. ಇಂಥ ಅನಾಹುತ ಮರುಕಳಿಸಬಾರದೆಂದು ಸದಸ್ಯರೊಬ್ಬರು, ರಾತ್ರಿ ಒಂಬತ್ತಕ್ಕೆ ಕೋಣೆಗಳಿಗೆ ಹೊರಗಿನಿಂದ ಚಿಲಕ ಹಾಕಬೇಕೆಂದೂ, ಎದ್ದು ಓಡಾಡುವವರ ಮಂಚಗಳ ಎರಡೂ ಪಕ್ಕಕ್ಕೆ ಕಬ್ಬಿಣದ ತಡೆಗಂಬಿ ಕೂಡಿಸಬೇಕೆಂದೂ ಸೂಚಿಸಿದರು. ದುರುದ್ದೇಶದ ಮಾತಲ್ಲ ಅದು. ನಾವೂ ತಲೆಯಾಡಿಸಿದೆವು. ನಿವೃತ್ತ ವೈದ್ಯರಾದ ಇನ್ನೊಬ್ಬ ಸದಸ್ಯರು ಮಾತ್ರ ಕೈಯೆತ್ತಿ ತಡೆದರು. ತಡೆಗಂಬಿ ಹಾಕಿದ ಮಾತ್ರಕ್ಕೆ ಮುದುಕರಿಗೆ ಮೂತ್ರದ ಅವಸರ ನಿಲ್ಲುತ್ತದೆಯೇ ಎಂದು ಕೇಳಿದರು. ಅವಸರವಾದವರು ಕಂಬಿಯನ್ನು ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಮರೆವಿನ ಕಾಯಿಲೆಯವರು ಕಂಬಿಗಳ ಸಂದಿಯಲ್ಲಿ ತಲೆ, ಕುತ್ತಿಗೆ ಸಿಕ್ಕಿಸಿಕೊಂಡು ಪ್ರಾಣ ಕಳೆದುಕೊಂಡದ್ದುಂಟು. ಅಮೇರಿಕದ ಔಷಧಿ ಮತ್ತು ಆಹಾರ ಇಲಾಖೆ 1995ರಲ್ಲಿಯೇ ಈ ಅಪಾಯದ ಬಗ್ಗೆ ಆಸ್ಪತ್ರೆ, ಶುಶ್ರೂಷಾಲಯಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಅದಕ್ಕೂ ಮೊದಲು, 1987ರಲ್ಲಿ, ಅಲ್ಲಿನ ಶಾಸನ ಶುಶ್ರೂಷಾಲಯದ ನಿವಾಸಿಗಳನ್ನು ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕಬಾರದೆಂದು ವಿಧಿಸಿತು. ಕಟ್ಟಿಹಾಕಿದವರ ಕಾಲಿನ ಬಲ ದಿನದಿನಕ್ಕೆ ಕುಂದುತ್ತದೆ. ಬಿಚ್ಚಿದ ದಿನ ಅವರು ಬೀಳುವುದು ಇನ್ನೂ ಸುಲಭ. ಇನ್ನು ಹೊರಗಿನ ಚಿಲಕ! ಬೆಂಕಿ ಬಿದ್ದರೆ ಕೀಲಿಕೈ ಯಾರ ಬಳಿ ಇರುತ್ತದೆಂದು ಅವರು ಕೇಳಿದಾಗ ಸಭೆಯಲ್ಲಿ ಯಾರೂ ಮಾತನಾಡಲಿಲ್ಲ.

ವೃದ್ಧರನ್ನು ಅಲುಗಾಡದಂತೆ ಮಾಡುವುದೇ ಸುರಕ್ಷತೆಯೆಂದು ನಾವು ತಿಳಿದಿದ್ದೆವು. ಅವರು ಏಳುತ್ತಾರೆ, ಏಳಲೇಬೇಕು. ಎದ್ದಾಗ ದಾರಿಯಲ್ಲಿ ಬೆಳಕಿರಬೇಕು, ಕೈಗೆ ಆಧಾರವಿರಬೇಕು, ಕರೆದರೆ ಬರುವವರಿರಬೇಕು. ಅಂದಿನಿಂದ ನಾವು ಯಾವ ಆಶ್ರಮಕ್ಕೆ ಹೋದರೂ ಮೊದಲು ಪೂಜಾಮಂದಿರವನ್ನಲ್ಲ, ಮಂಚದಿಂದ ಶೌಚಾಲಯದವರೆಗಿನ ಹತ್ತು ಹೆಜ್ಜೆಯ ದಾರಿಯನ್ನು ನೋಡುತ್ತೇವೆ. ಇದನ್ನು ಕೇಳಿ ಕೆಲವರು ನಕ್ಕಿದ್ದಾರೆ. ನಗಲಿ.

ಆ ಹತ್ತು ಹೆಜ್ಜೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಬೀಳುವುದಕ್ಕೆ ಕಾರಣ ನೆಲವೊಂದೇ ಅಲ್ಲ. ಮಲಗಿದ್ದ ಮುಪ್ಪಿನ ದೇಹ ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗೂಡುತ್ತದೆ. ರಕ್ತದೊತ್ತಡದ ಗುಳಿಗೆ, ನಿದ್ರೆಯ ಗುಳಿಗೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಅಧಿಕ. ಎದ್ದು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಅನಂತರ ನಿಲ್ಲುವ ರೂಢಿಯನ್ನು ಮಾಡಿಸಬೇಕು. ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಸಂಜೆ ಕೊಡುತ್ತಿದ್ದರೆ ಅದನ್ನು ಬೆಳಗಿಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಇಷ್ಟರಿಂದಲೇ ರಾತ್ರಿಯ ಓಡಾಟ ಎಷ್ಟೋ ಕಡಿಮೆಯಾಗುವುದುಂಟು. ರಾತ್ರಿ ಏಳಬೇಕಾದೀತೆಂದು, ಇನ್ನೊಬ್ಬರಿಗೆ ತೊಂದರೆಯಾದೀತೆಂದು ಹಗಲೆಲ್ಲ ನೀರನ್ನೇ ಕುಡಿಯದಿರುವ ತಾಯಂದಿರನ್ನು ನಾವು ಕಂಡಿದ್ದೇವೆ. ನೀರು ಸಾಲದೆ ತಲೆಸುತ್ತು ಬಂದು ಅವರೇ ಮೊದಲು ಬೀಳುತ್ತಾರೆ.

ಮಂಚ ಎತ್ತರವಾಗಿರಬಾರದು, ಕುಳಿತರೆ ಪಾದ ನೆಲಕ್ಕೆ ಊರಬೇಕು. ದಾರಿಯಲ್ಲಿ ರಾತ್ರಿಯಿಡೀ ಒಂದು ಝೀರೋ ಬಲ್ಬು ಉರಿಯಬೇಕು. ಕರೆಂಟು ಹೋದಾಗ ಇನ್ವರ್ಟರಿನಿಂದಲೂ ಉರಿಯಬೇಕು. ಸ್ವಿಚ್ಚು ಮಂಚದಿಂದಲೇ ಕೈಗೆ ಸಿಗಬೇಕು. ನಮ್ಮ ಕಡೆಯ ಬಚ್ಚಲುಗಳಿಗೆ ನೀರು ಹೊರಬಾರದಂತೆ ಎತ್ತರದ ಹೊಸ್ತಿಲು ಕಟ್ಟುವ ಪದ್ಧತಿಯಿದೆ; ಎಡವುವುದು ಅಲ್ಲಿಯೇ. ಕಮೋಡಿನ ಪಕ್ಕದ ಗೋಡೆಗೆ ಬಿಗಿಯಾದ ಹಿಡಿಕಂಬಿ ಇರಬೇಕು. ಟವೆಲು ಹಾಕುವ ಕಡ್ಡಿಯನ್ನು ಹಿಡಿದು ಎದ್ದವರು ಕಡ್ಡಿಯ ಸಮೇತ ಬಿದ್ದುದನ್ನು ನಾವು ಬಲ್ಲೆವು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವುದಾದರೆ ಬಿದ್ದವರ ದೇಹವೇ ಅಡ್ಡವಾಗಿ ಒಳಹೋಗಲು ಆಗುವುದಿಲ್ಲ. ಒಳಚಿಲಕವು ಹೊರಗಿನಿಂದಲೂ ತೆಗೆಯುವಂತಿರಬೇಕು. ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಶತ್ರು. ಇವೆಲ್ಲಕ್ಕೂ ತಗಲುವ ವೆಚ್ಚ ಆ ಗ್ರಾನೈಟಿನ ವೆಚ್ಚದ ಎಷ್ಟನೆಯ ಪಾಲು ಎಂದು ಲೆಕ್ಕ ಹಾಕಿದಾಗ ನಮಗೆ ನಾಚಿಕೆಯಾಯಿತು.

ನಮ್ಮ ಮನೆಗಳ ಹಿರಿಯರಿಗೆ ವಿಶೇಷವಾದ ಇನ್ನೊಂದು ಮಾತಿದೆ. ಲಿಂಗಪೂಜೆಗೆಂದು ಅವರು ನಸುಕಿನಲ್ಲೇ ಎದ್ದು ಸ್ನಾನ ಮಾಡುತ್ತಾರೆ. ಅರವತ್ತು ವರ್ಷದ ನಿಷ್ಠೆಯನ್ನು ಬಿಡಿರೆಂದು ಹೇಳುವ ಅಧಿಕಾರ ಯಾವ ವ್ಯವಸ್ಥಾಪಕರಿಗೂ ಇಲ್ಲ. ಆದರೆ ಆಶ್ರಮದ ಕೆಲಸದವರು ಬರುವುದು ಆರೂವರೆಗೆ, ಹಿರಿಯರು ಒದ್ದೆ ನೆಲದ ಮೇಲೆ ನಡೆಯುವುದು ನಾಲ್ಕೂವರೆಗೆ ಎಂದಾದರೆ ಆ ಎರಡು ಗಂಟೆ ಅವರು ಯಾರ ಆಸರೆಯಲ್ಲೂ ಇರುವುದಿಲ್ಲ. ಪಾಳಿಯ ವೇಳೆಯನ್ನು ಪೂಜೆಯ ವೇಳೆಗೆ ಹೊಂದಿಸಬೇಕೇ ಹೊರತು ಪೂಜೆಯನ್ನು ಪಾಳಿಗಲ್ಲ. ಸ್ನಾನಕ್ಕೆ ಕೂಡಲು ಅಲುಗಾಡದ ಮಣೆ ಅಥವಾ ಕುರ್ಚಿ ಇರಲಿ. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಗೀಸರಿನ ಬಿಸಿನೀರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ದೀಪ, ಕರ್ಪೂರಗಳನ್ನು ಹಾಸಿಗೆಯ ಪಕ್ಕದಲ್ಲಿ ಹಚ್ಚದೆ ಪೂಜೆಯ ಕೋಣೆಯಲ್ಲಿಯೇ, ಒಬ್ಬರು ಎದುರಿಗಿರುವಾಗ, ಹಚ್ಚುವಂತಾಗಬೇಕು. ನೈಲಾನ್ ಸೀರೆಯ ಸೆರಗಿಗೆ ಕಿಡಿ ಸಾಕು.

ಬೆಂಕಿಯ ಮಾತು ಬಂದುದರಿಂದ ಹೊರನಾಡಿನ ಒಂದು ದುರಂತವನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಳಿ ರೋಸ್‌ಪಾರ್ಕ್ ಎಂಬ ವೃದ್ಧರ ಆರೈಕೆ ಮನೆಯಲ್ಲಿ 2004ರ ಜನವರಿ 31ರ ಬೆಳಗಿನ ಜಾವ ನಾಲ್ಕೂವರೆಯ ಸುಮಾರಿಗೆ ಬೀರುವಿನೊಳಗಿದ್ದ ವಿದ್ಯುತ್ ಪೆಟ್ಟಿಗೆಯಿಂದ ಬೆಂಕಿ ಹುಟ್ಟಿತು. ಎಚ್ಚರಿಕೆಯ ಗಂಟೆ ಬಾರಿಸಿತು. ರಾತ್ರಿಪಾಳಿಯ ಸಿಬ್ಬಂದಿ ಬೆಂಕಿ ಎಲ್ಲಿದೆಯೆಂದು ಹುಡುಕುತ್ತಿದ್ದುದರಿಂದ ಅಗ್ನಿಶಾಮಕ ದಳಕ್ಕೆ ಕರೆ ಹೋಗುವುದರೊಳಗೆ ಸುಮಾರು ಒಂಬತ್ತು ನಿಮಿಷ ಕಳೆದಿತ್ತು. ಕೋಣೆಗಳ ಬಾಗಿಲು ತೆರೆದಿದ್ದುದರಿಂದ ಹೊಗೆ ಒಳಹೊಕ್ಕಿತು. 14 ಮಂದಿ ಹಿರಿಯರು ತೀರಿಕೊಂಡರು. ಸಾಕಷ್ಟು ಮುಂಜಾಗ್ರತೆಯ ಯೋಜನೆಯಿದ್ದಿದ್ದರೆ ಈ ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದು 2011ರಲ್ಲಿ ಅಲ್ಲಿನ ವಿಚಾರಣೆ ತೀರ್ಮಾನಿಸಿತು. ಅದೇ 2011ರ ಡಿಸೆಂಬರ್ 9ರಂದು ಕಲ್ಕತ್ತೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನೆಲಮಾಳಿಗೆಯ ಬೆಂಕಿಯ ಹೊಗೆಗೆ ಸುಮಾರು 90 ಮಂದಿ ಬಲಿಯಾದರು. 2023ರ ಜನವರಿ 1ರಂದು ದೆಹಲಿಯ ಗ್ರೇಟರ್ ಕೈಲಾಸ ಬಡಾವಣೆಯ ಹಿರಿಯರ ಆರೈಕೆ ಮನೆಯೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಹೋದರು. ಮೂರೂ ಬೆಳಗಿನ ಜಾವದ ಘಟನೆಗಳೆಂಬುದನ್ನು ಓದುಗರು ಗಮನಿಸಬೇಕು. ಆ ಹೊತ್ತಿಗೆ ನಡೆಯಲಾರದವರು ಬಹಳ, ಎತ್ತುವ ಕೈಗಳು ಕೆಲವೇ.

ಆದುದರಿಂದ ನಡೆಯಲಾರದವರನ್ನು ಮಹಡಿಯಲ್ಲಿ ಇರಿಸಬಾರದು. ಗಂಟೆ ಬಾರಿಸಿದೊಡನೆ ಮೊದಲ ಕೆಲಸ 101 ಅಥವಾ 112ಕ್ಕೆ ಕರೆ, ಹುಡುಕಾಟ ಅನಂತರ. ಹಾಸಿಗೆ ಹಿಡಿದವರನ್ನು ಹಾಸಿಗೆಯ ಚಾದರದ ಮೇಲೆಯೇ ಎಳೆದು ಹೊರತರುವುದನ್ನು ಕೆಲಸದವರು ವರ್ಷಕ್ಕೆ ಎರಡು ಬಾರಿಯಾದರೂ ಅಭ್ಯಾಸ ಮಾಡಬೇಕು, ಅದರಲ್ಲಿ ಒಮ್ಮೆ ರಾತ್ರಿಯ ವೇಳೆ. ಹಿಂಬಾಗಿಲಿಗೆ ಅಕ್ಕಿಮೂಟೆ ಒಟ್ಟಿರುವ ಆಶ್ರಮಗಳನ್ನು ಕಂಡು ನಮಗೆ ಸಾಕಾಗಿದೆ.

ಔಷಧಿಯ ಬಗ್ಗೆ ಒಂದೇ ಮಾತು. ನಮ್ಮ ಕಡೆಯ ಯಾವ ಆಶ್ರಮದಲ್ಲಾದರೂ ಇಬ್ಬರು ಬಸಮ್ಮ, ಮೂವರು ಗಂಗಮ್ಮ ಇರುವುದು ಸಹಜ. ಒಬ್ಬರ ಸಕ್ಕರೆ ಕಾಯಿಲೆಯ ಗುಳಿಗೆ ಇನ್ನೊಬ್ಬರ ಹೊಟ್ಟೆ ಸೇರಿದರೆ ಸಕ್ಕರೆಯ ಅಂಶ ಇಳಿದು ಪ್ರಾಣಕ್ಕೆ ಬರುತ್ತದೆ. ಡಬ್ಬಿಯ ಮೇಲೆ ಹೆಸರಿನೊಡನೆ ಭಾವಚಿತ್ರವನ್ನೂ ಅಂಟಿಸಬೇಕು. ಕೊಟ್ಟೊಡನೆ ಪುಸ್ತಕದಲ್ಲಿ ಬರೆಯಬೇಕು. ಊಟದ ವಿಷಯವೂ ಹಾಗೆಯೇ: ಪಾರ್ಶ್ವವಾಯು ಬಡಿದು ನುಂಗಲು ಕಷ್ಟಪಡುವವರಿಗೆ ಕಟಕ ರೊಟ್ಟಿ, ಮಲಗಿಸಿ ಕುಡಿಸುವ ಹಾಲು ಎರಡೂ ಅಪಾಯ.

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ಮೇಲೆ ಹೇಳಿದ ಯಾವುದೂ ಮನುಷ್ಯರಿಲ್ಲದೆ ನಡೆಯದು. ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಅದು ರಾತ್ರಿಯ ಕೆಲಸ. ಬಿದ್ದವರು ಒಂದು ಗಂಟೆಗೂ ಮೀರಿ ನೆಲದಲ್ಲಿಯೇ ಉಳಿದರೆ ಮೂಳೆ ಮುರಿಯದಿದ್ದರೂ ಮೈ ತಣ್ಣಗಾಗಿ, ಸ್ನಾಯುಗಳು ಜಜ್ಜಿ, ಮೂತ್ರಪಿಂಡಕ್ಕೆ ಧಕ್ಕೆಯಾಗುವುದುಂಟು; ಅವರನ್ನು ಕಾಣುವುದೂ ರಾತ್ರಿಯ ಕೆಲಸ. ಆ ಕೆಲಸಕ್ಕೆ ಹಗಲು ನಿದ್ರಿಸಿ ಬಂದ, ಬೇರೆಯೇ ಆದ ಒಬ್ಬರು ಬೇಕು. ಮೂವತ್ತು ಮಂದಿಗೆ ಇಬ್ಬರಾದರೂ ಬೇಕು. ಅವರಿಗೆ ಸಂಬಳ ಕೊಡಬೇಕು. ಇಲ್ಲಿಯೇ ನಮ್ಮ ಸಮಾಜದ ದಾನದ ರೀತಿ ಎಡವುತ್ತದೆ. ಕೋಣೆ ಕಟ್ಟಿಸಲು, ಮಹಾದ್ವಾರ ನಿಲ್ಲಿಸಲು, ಗ್ರಾನೈಟ್ ಹಾಸಲು ದಾನಿಗಳು ಸಿಗುತ್ತಾರೆ. ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ರಾತ್ರಿಪಾಳಿಯ ಸಹಾಯಕಿಯ ಸಂಬಳದ ಮೇಲೆ ಹೆಸರು ಕೆತ್ತುವುದು ಹೇಗೆ? ಪ್ರಸಾದನಿಲಯಗಳಿಗೆ ವರುಷವರುಷವೂ ಜೋಳ, ಬೇಳೆ ಕೊಟ್ಟು ಹೆಸರು ಕೇಳದೆ ಹೋದ ನಮ್ಮ ಹಿರಿಯರನ್ನು ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಉಂಡು ಬಲ್ಲೆವು. ಆ ಅನ್ನ ದಿನವೂ ಕರಗುತ್ತಿತ್ತು, ದಿನವೂ ಬರುತ್ತಿತ್ತು.

ಸರಕಾರದ ಹೊಣೆ ಇಲ್ಲವೆಂದಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣಕ್ಕೆಂದು 2007ರಲ್ಲಿ ಕೇಂದ್ರದ ಕಾಯಿದೆ ಬಂದಿದೆ. ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ಇರಬಹುದಾದ ವೃದ್ಧಾಶ್ರಮಗಳನ್ನು ಸ್ಥಾಪಿಸುವ ಅವಕಾಶ ಅದರ 19ನೆಯ ಕಲಮಿನಲ್ಲಿದೆ. ಅಲ್ಲಿನ ಸೇವೆಯ ಮಟ್ಟವನ್ನು ನಿಗದಿಪಡಿಸುವ ಅಧಿಕಾರವನ್ನೂ ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಹಿರಿಯರಿಗೆ ಎಲ್ಲಿಯೇ ಆಗಲಿ ಬೈಗುಳ, ಹೊಡೆತ, ಹಣದ ವಂಚನೆ ಆಗುತ್ತಿದ್ದರೆ 14567 ಎಂಬ ಸಹಾಯವಾಣಿಯಿದೆ. ಆ ಸಂಖ್ಯೆಯನ್ನು ಊಟದ ಮನೆಯ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಲು ಒಪ್ಪದ ಆಶ್ರಮದ ಬಗ್ಗೆ ಸಂಶಯಪಡಬಹುದು.

ಪತ್ರ ಬರೆದ ಬಂಧುಗಳಿಗೆ ನಮ್ಮ ಉತ್ತರ ಇದು. ಆ ಮೂರು ಆಶ್ರಮಗಳಿಗೂ ಇನ್ನೊಮ್ಮೆ ಹೋಗಿರಿ. ಈ ಸಲ ಹೇಳದೆ, ರಾತ್ರಿ ಎಂಟರ ಬಳಿಕ ಹೋಗಿರಿ. ಒಳಗೆ ಬಿಡದಿದ್ದರೆ ಅದೂ ಒಂದು ಉತ್ತರವೇ. ಬಿಟ್ಟರೆ, ರಾತ್ರಿ ಎರಡು ಗಂಟೆಗೆ ಇಲ್ಲಿ ಎಚ್ಚರವಿರುವವರು ಯಾರೆಂದು ಕೇಳಿ, ಅವರ ಮುಖ ನೋಡಿ, ಅವರು ಹಗಲು ಏನು ಮಾಡುತ್ತಾರೆಂದು ವಿಚಾರಿಸಿರಿ. ಕರೆಗಂಟೆಯನ್ನು ನೀವೇ ಒತ್ತಿ ಎಷ್ಟು ಹೊತ್ತಿಗೆ ಬರುತ್ತಾರೆಂದು ನೋಡಿರಿ. ಕಳೆದ ವರ್ಷ ಇಲ್ಲಿ ಎಷ್ಟು ಮಂದಿ ಬಿದ್ದರೆಂದು ಕೇಳಿರಿ. ಒಬ್ಬರೂ ಬಿದ್ದಿಲ್ಲ ಎಂದವರಿಗಿಂತ, ಪುಸ್ತಕ ತೆಗೆದು ಇಂಥ ದಿನ ಇಂಥವರು ಬಿದ್ದರು, ಅನಂತರ ಹೀಗೆ ಮಾಡಿದೆವು ಎಂದು ತೋರಿಸುವವರನ್ನು ನಂಬಿರಿ. ತಾಯಿಯವರನ್ನು ಇರಿಸಿದ ಮೇಲೆಯೂ ಹಬ್ಬಕ್ಕೆ ಮಾತ್ರ ಹೋಗದೆ ಸಾಧಾರಣ ದಿನಗಳಲ್ಲಿ ಹೋಗಿರಿ. ಕೆಲಸದ ಹುಡುಗಿಯರ ಹೆಸರು ನಿಮಗೆ ತಿಳಿದಿರಲಿ.

ನಮ್ಮ ಆಶ್ರಮದ ಕಥೆ ಏನಾಯಿತೆಂದು ಕೇಳುವವರಿಗಾಗಿ: ಆ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಯಿತು, ವಾಕರು ಹಿಡಿದು ಅಂಗಳದವರೆಗೆ ಬರುತ್ತಿದ್ದರು, ಹದಿನಾಲ್ಕು ತಿಂಗಳು ಬದುಕಿದ್ದರು. ದಾನಿಗಳ ಬಳಿ ನೆಲದ ವಿಷಯ ಎತ್ತಲು ನಾವು ಬಹಳ ಅಳುಕಿದೆವು. ಅವರು ಎಲ್ಲವನ್ನೂ ಕೇಳಿ, ಎದ್ದು, ಮರುದಿನವೇ ಕಲ್ಲುಕುಟಿಗರನ್ನು ಕರೆತಂದು ಬಚ್ಚಲುಮನೆಗಳ ಕಲ್ಲಿಗೆ ಉಳಿಯಿಂದ ಒರಟು ಹೊಡೆಸಿದರು. ಹಿಡಿಕಂಬಿಗಳನ್ನೂ ಅವರೇ ಹಾಕಿಸಿದರು. ರಾತ್ರಿಪಾಳಿಗೆ ಈಗ ಇಬ್ಬರಿದ್ದಾರೆ. ಎರಡನೆಯವರ ಸಂಬಳಕ್ಕೆ ದೀಪಾವಳಿಯವರೆಗಿನ ಹಣ ಕೂಡಿದೆ. ಅಲ್ಲಿಂದ ಮುಂದಿನದಕ್ಕಾಗಿ ಸಮಿತಿ ಅಮಾವಾಸ್ಯೆ ಕಳೆದ ಸೋಮವಾರ ಸಭೆ ಸೇರಲಿದೆ. ನಾವೀಗ ಸದಸ್ಯರಲ್ಲದಿದ್ದರೂ ಹೋಗುವವರಿದ್ದೇವೆ.